ಬೆವರನ್ನಳೆಯುವ ಯಂತ್ರವೂ ಸಹೃದಯನೂ

ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ ಎಂಬ ಎಂಟು ಸಾತ್ತ್ವಿಕ ಭಾವಗಳನ್ನು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿರುವನೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ವಿದಿತವೇ ಇದೆ. ಮನಸ್ಸು ಕಲಕಿದಾಗ ಮೈಯು ತಾನಾಗಿಯೇ ತೋರುವ ಚಿಹ್ನೆಗಳಿವು. ನಟನಾದವನು ಕೈಯನ್ನು ಬೇಕಾದಂತೆ ಎತ್ತಬಹುದು, ಹುಬ್ಬನ್ನು ಬೇಕಾದಂತೆ ಕುಣಿಸಬಹುದು. ಬೆವರನ್ನು ಬಾ ಎಂದರೆ ಅದು ಬಾರದು. ಈಗ ಕೆಲವು ದಶಕಗಳಿಂದ ಪಶ್ಚಿಮ ದೇಶಗಳ ಸಂಗೀತಗಾರರೂ ಶಿಲ್ಪಿಗಳೂ ಇಂಥ ಚಿಹ್ನೆಗಳನ್ನೇ ವಿದ್ಯುದ್ಯಂತ್ರಗಳಿಂದ ಅಳೆದು, ಆ ಅಳತೆಯಿಂದ ನಾದವನ್ನೂ ಬೆಳಕನ್ನೂ ಹೊರಡಿಸುತ್ತಿರುವರು. ಈ ತಿಂಗಳು ಆ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಸಂವೇದಕವೆಂದು ಕರೆಯಲ್ಪಡುವ ಈ ಯಂತ್ರದ ಮರ್ಮವು ಸರಳವಾದುದೇ. ಎರಡು ಬೆರಳುಗಳಿಗೆ ಎರಡು ಲೋಹದ ಬಿಲ್ಲೆಗಳನ್ನು ಕಟ್ಟಿ, ಮೈಗೆ ತಿಳಿಯದಷ್ಟು ಅಲ್ಪವಾದ ವಿದ್ಯುತ್ತನ್ನು ಅವುಗಳ ನಡುವೆ ಹರಿಸುವರು. ಮನಸ್ಸು ಉದ್ವಿಗ್ನವಾದೊಡನೆ ಬೆರಳಿನ ಸ್ವೇದಗ್ರಂಥಿಗಳು ಚುರುಕಾಗುವುವು. ಕಣ್ಣಿಗೆ ಕಾಣುವಷ್ಟು ಬೆವರು ಒಡೆಯದಿದ್ದರೂ ಚರ್ಮವು ವಿದ್ಯುತ್ತಿಗೆ ಹೆಚ್ಚು ಸುಲಭವಾಗಿ ದಾರಿ ಬಿಡುವುದು. ಫ್ರಾನ್ಸಿನ ವೈದ್ಯರಾದ ಫೇರೆಯವರು ಇದನ್ನು ೧೮೮೮ರಲ್ಲಿಯೇ ಕಂಡಿದ್ದರು. ನಾಡಿಯನ್ನು ಹಿಡಿಯಬೇಕಾದರೆ ಚರ್ಮದ ಮೇಲೆ ಸಣ್ಣ ಬೆಳಕನ್ನು ಬಿಟ್ಟು, ಪ್ರತಿ ಬಡಿತದಲ್ಲಿಯೂ ರಕ್ತವು ಅದನ್ನು ಎಷ್ಟು ಹೀರುವುದೆಂದು ನೋಡಿದರಾಯಿತು. ಈಚೆಗೆ ಯುವಕರು ಕಟ್ಟಿಕೊಳ್ಳುವ ಕೈಗಡಿಯಾರಗಳ ಬೆನ್ನಿನಲ್ಲಿ ಮಿನುಗುವ ಹಸುರು ಬೆಳಕು ಮಾಡುವ ಕೆಲಸವೂ ಇದೇ.

ಈ ಬಗೆಯ ಕೃತಿಗಳಲ್ಲಿ ನಮಗೆ ಅತ್ಯಂತ ಮೆಚ್ಚಿಕೆಯಾದದ್ದು ಆಲ್ವಿನ್ ಲೂಸಿಯರ್ ಎಂಬ ಅಮೆರಿಕದ ಸಂಗೀತಕಾರರದು. ಮಿದುಳಿನಲ್ಲಿ ಏಳುವ ವಿದ್ಯುತ್ತರಂಗಗಳಲ್ಲಿ ಆಲ್ಫಾ ಎಂಬುದೊಂದು ಜಾತಿ. ಸೆಕೆಂಡಿಗೆ ಸುಮಾರು ೮ರಿಂದ ೧೨ ಸಲ ಅದು ಏರಿಳಿಯುವುದು. ಕಣ್ಣು ಮುಚ್ಚಿ, ಯಾವ ರೂಪವನ್ನೂ ಕಲ್ಪಿಸಿಕೊಳ್ಳದೆ ಸುಮ್ಮನಿದ್ದಾಗ ಅದು ಪ್ರಬಲವಾಗುವುದು. ಎಡ್ಮಂಡ್ ಡೀವನ್ ಎಂಬ ಭೌತವಿಜ್ಞಾನಿಗಳಿಂದ ಇದನ್ನರಿತ ಲೂಸಿಯರ್ ಅವರು ೧೯೬೫ರ ಮೇ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಬ್ರಾಂಡೈಸ್ ವಿಶ್ವವಿದ್ಯಾನಿಲಯದ ಕಲಾಮಂದಿರದಲ್ಲಿ ಸಭಿಕರೆದುರಿಗೆ ಕುಳಿತರು. ನೆತ್ತಿಗೆ ಎಲೆಕ್ಟ್ರೋಡುಗಳನ್ನು ಅಂಟಿಸಿದ್ದರು. ಅಷ್ಟು ಮಂದವಾದ ಕಂಪನವು ಕಿವಿಗೆ ಕೇಳತಕ್ಕದ್ದಲ್ಲ; ಆದುದರಿಂದ ಅದನ್ನು ಬಹುಮಡಿ ಹಿಗ್ಗಿಸಿ ಲೌಡ್‌ಸ್ಪೀಕರುಗಳಿಗೆ ಕೊಟ್ಟು, ಅವುಗಳನ್ನು ಭೇರಿ, ಜಾಗಟೆ, ತಾಳಗಳ ಪಕ್ಕದಲ್ಲಿಟ್ಟಿದ್ದರು. ಮನುಷ್ಯನು ಅಲುಗಾಡದೆ ಕುಳಿತಿರುವನು. ಸುತ್ತಲೂ ವಾದ್ಯಗಳು ತಾವಾಗಿಯೇ ಗುಡುಗುವುವು!

ಇಲ್ಲಿರುವ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ನುಡಿಸಬೇಕೆಂದು ಹವಣಿಸಿದರೆ, ಕಣ್ಣು ತೆರೆದು ಏನನ್ನಾದರೂ ನೋಡಿದರೆ, ಆ ತರಂಗವು ಅಡಗಿಹೋಗುವುದು. ಸಭೆಯೆದುರು ಕುಳಿತವನು ಸಭೆಯನ್ನು ಮರೆಯಬೇಕು. ಯೋಗಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲವಾದರೂ, ಕಛೇರಿ ಮಾಡುವ ವಿದ್ವಾಂಸನೊಬ್ಬನಿಗೆ ಇದಕ್ಕಿಂತ ಕಠಿಣವಾದ ಪಲ್ಲವಿ ಬೇರೊಂದಿರಲಾರದು. ಲೂಸಿಯರ್ ಅವರು ೨೦೨೧ರಲ್ಲಿ ತೀರಿಕೊಂಡರು. ತಮ್ಮ ಮನಸ್ಸಿನಲ್ಲಿ ಶಾಂತಿಯಿತ್ತೇ ದುಃಖವಿತ್ತೇ ಎಂಬುದನ್ನು ಆ ಭೇರಿಗಳು ಹೇಳುವುವೆಂದು ಆ ಕೃತಿಯು ಎಲ್ಲಿಯೂ ಸಾರುವುದಿಲ್ಲ. ಅದರ ಹಿರಿಮೆ ಇರುವುದು ಇಲ್ಲಿಯೇ ಎಂದು ನಾವು ಭಾವಿಸುತ್ತೇವೆ.

ಇನ್ನೊಂದು ಪ್ರಯತ್ನವು ಪಾಂಡಿತ್ಯದ್ದು. ತೆರೇಸಾ ಮ್ಯಾರಿನ್ ನಾಕ್ರಾ ಎಂಬ ವಿದುಷಿಯವರು ೧೯೯೦ರ ದಶಕದ ಕೊನೆಯಲ್ಲಿ ಎಂ.ಐ.ಟಿ. ಸಂಸ್ಥೆಯಲ್ಲಿದ್ದುಕೊಂಡು, ವಾದ್ಯವೃಂದದ ನಿರ್ದೇಶಕರು ತೊಡುವಂಥ ಅಂಗಿಯೊಂದನ್ನು ಸಿದ್ಧಪಡಿಸಿದರು. ತೋಳಿನ ಸ್ನಾಯುಗಳ ಬಿಗಿತ, ಉಸಿರು, ಎದೆಬಡಿತ, ಚರ್ಮದ ಆರ್ದ್ರತೆ ಇವೆಲ್ಲವನ್ನೂ ಆ ಅಂಗಿಯು ಬರೆದಿಡುವುದು. ಮೂವರು ವೃತ್ತಿನಿರತರೂ ಮೂವರು ವಿದ್ಯಾರ್ಥಿಗಳೂ ಅದನ್ನು ತೊಟ್ಟು ಕೋಲನ್ನಾಡಿಸಿದರು. ಪ್ರತಿ ಕೃತಿಯ ಆರಂಭದಲ್ಲಿಯೂ ಚರ್ಮದ ರೇಖೆಯು ಎತ್ತರಕ್ಕೆ ಏಳುತ್ತಿತ್ತಂತೆ. ಉಸಿರಿಗೂ ರಾಗದ ವಾಕ್ಯಗಳಿಗೂ ಸಂಬಂಧವು ಕಂಡುಬಂದಿತಂತೆ. ನಮ್ಮನ್ನು ಬೆರಗುಗೊಳಿಸಿದ ಸಂಗತಿ ಮತ್ತೊಂದು: ಮಹತ್ತಾದ ಘೋಷವೊಂದು ಬರುವುದಕ್ಕೆ ಸ್ವಲ್ಪ ಮುಂಚೆ ತೋಳಿನ ರೇಖೆಯು ಹಠಾತ್ತಾಗಿ ಸಮತಟ್ಟಾಗುತ್ತಿತ್ತು. ಗುಡುಗಿಗೆ ಮುನ್ನ ಗಾಳಿ ನಿಂತಂತೆ, ನಿರ್ದೇಶಕನು ಕ್ಷಣಕಾಲ ಸನ್ನೆಯನ್ನೇ ಅಡಗಿಸಿ ವಾದಕರನ್ನು ಎಚ್ಚರಗೊಳಿಸುವನು.

ಪ್ರೇಕ್ಷಕನ ಮೈಯನ್ನೇ ಕರೆದುಕೊಂಡ ಕೃತಿಗಳೂ ಉಂಟು. ಕೆನಡಾ ದೇಶದ ಶಾರ್ ಡೇವಿಸ್ ಎಂಬ ಮಹಿಳೆಯು ೧೯೯೫ರಲ್ಲಿ ರಚಿಸಿದ ಆಸ್ಮೋಸ್ ಎಂಬ ಕಲ್ಪಿತ ವನದಲ್ಲಿ, ಎದೆಗೆ ಪಟ್ಟಿ ಕಟ್ಟಿಕೊಂಡವನು ಉಸಿರನ್ನೆಳೆದರೆ ಮೇಲೇರುವನು, ಬಿಟ್ಟರೆ ಕೆಳಗಿಳಿಯುವನು. ಮೆಕ್ಸಿಕೋ ಮೂಲದ ರಾಫೆಲ್ ಲೊಜಾನೊ-ಹೆಮ್ಮರ್ ಅವರು ೨೦೦೬ರಲ್ಲಿ ಪುವೆಬ್ಲಾ ನಗರದಲ್ಲಿ ತೋರಿಸಿದ ದೀಪದ ಕೋಣೆಯಂತೂ ಯಾವ ಗೃಹಸ್ಥನಿಗೂ ಅರ್ಥವಾಗುವಂಥದು. ಮೇಲಿನಿಂದ ಸಾಲುಸಾಲಾಗಿ ಬಲ್ಬುಗಳು ತೂಗುತ್ತಿರುವುವು; ಆಯಾ ಪ್ರದರ್ಶನದಲ್ಲಿ ೧೦೦ರಿಂದ ೩೦೦ರವರೆಗೆ. ಬಂದವನು ಹಿಡಿಗಳೆರಡನ್ನು ಹಿಡಿದು ನಿಂತರೆ ಹತ್ತಿರದ ಬಲ್ಬು ಅವನ ಎದೆಬಡಿತಕ್ಕೆ ಸರಿಯಾಗಿ ಮಿಡಿಯುವುದು. ಕೈಬಿಟ್ಟೊಡನೆ ದೀಪಗಳೆಲ್ಲವೂ ಆರಿ, ಅವನ ಬಡಿತವು ಒಂದು ಸ್ಥಾನ ಮುಂದಕ್ಕೆ ಸರಿದು, ಸಾಲಿನ ತುದಿಯಲ್ಲಿದ್ದ ಯಾರೋ ಹಳಬನ ಬಡಿತವು ಹೊರಬಿದ್ದು ಹೋಗುವುದು. ಪ್ರಾಣವನ್ನು ದೀಪಕ್ಕೆ ಹೋಲಿಸುವುದು ನಮ್ಮಲ್ಲಿಯೂ ಹಳೆಯ ವಾಡಿಕೆ. ೧೯೬೦ರ ಮಕಾರಿಯೊ ಎಂಬ ಮೆಕ್ಸಿಕೋ ಚಲನಚಿತ್ರದಲ್ಲಿ ಮೃತ್ಯುವಿನ ಗುಹೆಯೊಳಗೆ ಉರಿಯುವ ಮೇಣದ ಬತ್ತಿಗಳೇ ತಮಗೆ ಪ್ರೇರಣೆಯೆಂದು ಕಲಾವಿದರು ಹೇಳಿರುವರು.

ಇದುವರೆಗೆ ನಮಗೆ ಆಕ್ಷೇಪವಿಲ್ಲ. ಆದರೆ ೧೯೯೭ರಲ್ಲಿ ಅಮೆರಿಕದ ರೋಸಲಿಂಡ್ ಪಿಕಾರ್ಡ್ ಅವರು ಗಣಕಯಂತ್ರವು ಮನುಷ್ಯನ ಭಾವಗಳನ್ನು ಗ್ರಹಿಸಬೇಕೆಂದು ಗ್ರಂಥವನ್ನು ಬರೆದ ಮೇಲೆ, ಅಳತೆಯ ಪಟ್ಟಿಗಳಿಗೆ ಹೊಸದೊಂದು ಬಿರುದು ಅಂಟಿಕೊಂಡಿತು. ಅವು ಬೆವರನ್ನು ಅಳೆಯುವುವೆಂದು ಹೇಳುವುದನ್ನು ಬಿಟ್ಟು, ಭಾವವನ್ನು ಓದುವುವೆಂದು ವ್ಯಾಪಾರಿಗಳು ಹೇಳತೊಡಗಿದರು. ಇದೇ ಅನರ್ಥಕ್ಕೆ ಮೂಲ. ಭರತನು ಸ್ವೇದಕ್ಕೆ ಒಂದು ಕಾರಣವನ್ನು ಹೇಳಿ ನಿಲ್ಲಿಸಲಿಲ್ಲ. ಕ್ರೋಧದಿಂದಲೂ ಭಯದಿಂದಲೂ, ಹರ್ಷದಿಂದಲೂ ಲಜ್ಜೆಯಿಂದಲೂ, ಶ್ರಮ, ರೋಗ, ಸೆಕೆಗಳಿಂದಲೂ ಬೆವರು ಬರುವುದೆಂದನು. ರೋಮಾಂಚವಾದರೂ ಹರ್ಷಕ್ಕೆಷ್ಟೋ ಚಳಿಗೂ ಅಷ್ಟೇ. ಚಿಹ್ನೆಯಿಂದ ಭಾವವನ್ನು ಊಹಿಸಬೇಕಾದರೆ ಮುಂದೇನು ಹಿಂದೇನು ಎಂಬುದನ್ನು ಬಲ್ಲ ಸಹೃದಯನೊಬ್ಬನು ಬೇಕು. ಹಸೆಯ ಮೇಲೆ ಕುಳಿತ ಮದುವಣಗಿತ್ತಿಯ ಅಂಗೈಯೂ ನ್ಯಾಯಸ್ಥಾನದ ಕಟಕಟೆಯಲ್ಲಿ ನಿಂತವನ ಅಂಗೈಯೂ ಒದ್ದೆಯಾಗಿರುವುವು. ಬೆರಳಿಗೆ ಕಟ್ಟಿದ ಬಿಲ್ಲೆಗೆ ಎರಡೂ ಒಂದೇ.

ಇದನ್ನು ಮರೆತರೆ ಏನಾಗುವುದೆಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. ೨೦೧೯ರಲ್ಲಿ ಚೀನಾ ದೇಶದ ಝೆಜಿಯಾಂಗ್ ಪ್ರಾಂತದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಪಟ್ಟಿಗಳನ್ನು ಕಟ್ಟಿದ್ದ ವಾರ್ತೆ ಪ್ರಕಟವಾಯಿತು. ಮಗುವು ಪಾಠದಲ್ಲಿ ಗಮನವಿಟ್ಟಿದೆಯೇ ಇಲ್ಲವೇ ಎಂಬುದನ್ನು ಪಟ್ಟಿಯ ದೀಪವು ಬಣ್ಣಗಳಿಂದ ತೋರಿಸುವುದು. ಲೆಕ್ಕವು ಉಪಾಧ್ಯಾಯರಿಗೆ ಹೋಗುವುದು. ಲೂಸಿಯರ್ ಅವರ ನೆತ್ತಿಯ ಮೇಲಿದ್ದುದೂ ಮೂಲತಃ ಇದೇ ವಿದ್ಯೆ. ಅವರು ತಾವಾಗಿ ಕಟ್ಟಿಕೊಂಡರು, ಬೇಡವೆನಿಸಿದಾಗ ಬಿಚ್ಚಿದರು. ಮಗುವಿಗೆ ಎರಡೂ ಇಲ್ಲ. ನಾವು ಬಹುಕಾಲ ಪಾಠ ಹೇಳಿದವರು. ಕಿಟಕಿಯಾಚೆ ಮಾವಿನ ಮರವನ್ನೇ ನೋಡುತ್ತಿದ್ದ ಹುಡುಗನನ್ನು ಎಬ್ಬಿಸಿ ಕೇಳಿದರೆ ಶ್ಲೋಕವನ್ನು ಅನ್ವಯಸಹಿತ ಒಪ್ಪಿಸುತ್ತಿದ್ದನು. ಪುಸ್ತಕದಿಂದ ಕಣ್ಣು ತೆಗೆಯದೆ ಕುಳಿತವನು ಬೆಪ್ಪಾಗಿ ನಿಲ್ಲುತ್ತಿದ್ದುದೂ ಉಂಟು. ಇದನ್ನು ತಿಳಿಯುವುದಕ್ಕೆ ಒಂದು ಪ್ರಶ್ನೆ ಸಾಕಾಗಿತ್ತು.

ಜನರು ಕೂಗೆಬ್ಬಿಸಿದ ಮೇಲೆ ಅಲ್ಲಿಯ ವಿದ್ಯಾಧಿಕಾರಿಗಳು ಆ ಪಟ್ಟಿಗಳನ್ನು ನಿಲ್ಲಿಸಿದರು. ಯೂರೋಪಿನ ಒಕ್ಕೂಟವು ೨೦೨೪ರಲ್ಲಿ ಮಾಡಿದ ಶಾಸನದ ಮೇರೆಗೆ, ಮೈಯ ಚಿಹ್ನೆಗಳಿಂದ ಭಾವವನ್ನು ಊಹಿಸುವ ಕೃತಕಬುದ್ಧಿಯ ಯಂತ್ರಗಳನ್ನು ಪಾಠಶಾಲೆಗಳಲ್ಲಿಯೂ ಕೆಲಸದ ಸ್ಥಳಗಳಲ್ಲಿಯೂ ಬಳಸುವುದು ೨೦೨೫ರ ಫೆಬ್ರವರಿಯಿಂದ ನಿಷಿದ್ಧವಾಗಿದೆ. ವೈದ್ಯಕ್ಕೂ ಸುರಕ್ಷತೆಗೂ ಮಾತ್ರ ವಿನಾಯಿತಿಯುಂಟು. ನಮ್ಮ ವಾಚಕರ ಮನೆಗೂ ಮಕ್ಕಳ ಹಣೆಯ ಪಟ್ಟಿಯೋ ಕೈಯ ಪಟ್ಟಿಯೋ ಶಾಲೆಯ ಚೀಟಿಯೊಡನೆ ಒಂದು ದಿನ ಬರಬಹುದು. ರುಜು ಹಾಕುವ ಮೊದಲು ಆ ಲೆಕ್ಕವನ್ನು ಯಾರು ಓದುವರು, ಎಷ್ಟು ಕಾಲ ಇಟ್ಟುಕೊಳ್ಳುವರು, ಮಗುವು ಬೇಡವೆಂದರೆ ಬಿಚ್ಚಿಡಬಹುದೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು.