ಬಿಟ್ಟುಕೊಟ್ಟ ಸ್ಥಾನ

ಕಳಸದಿಂದ ಕುದುರೆಮುಖದ ದಾರಿ ಹಿಡಿದು ಮಾಳದ ಮೂಲಕ ಕಾರ್ಕಳಕ್ಕೆ ಇಳಿಯುವ ಪ್ರಯಾಣಿಕನಿಗೆ ಕಾಫಿ ಗಿಡಗಳ ತಂಪು ಹಿಂದುಳಿದು ಕರಾವಳಿಯ ಸೆಕೆ ಎದುರಾಗುತ್ತದೆ. ಜಿಲ್ಲೆ ಬದಲಾಯಿತು, ಮಾತಿನ ಧಾಟಿಯೂ ಬದಲಾಯಿತು. ಆದರೆ ಲೋಕಸಭೆಯ ಲೆಕ್ಕದಲ್ಲಿ ಆತನು ಕ್ಷೇತ್ರವನ್ನು ದಾಟಿರುವುದಿಲ್ಲ. 2008ರ ಪುನರ್ವಿಂಗಡಣೆಯಿಂದ ಘಟ್ಟದ ಮೇಲಿನ ನಾಲ್ಕು ವಿಧಾನಸಭಾ ಕ್ಷೇತ್ರಗಳೂ ಕೆಳಗಿನ ನಾಲ್ಕೂ ಒಂದೇ ನೊಗಕ್ಕೆ ಬಿದ್ದಿವೆ. ಉಡುಪಿ–ಚಿಕ್ಕಮಗಳೂರು ಎಂಬ ಜೋಡಿ ಹೆಸರಿನ ನಟ್ಟನಡುವೆ ಕುದುರೆಮುಖದ ಶ್ರೇಣಿ ಗೋಡೆಯಂತೆ ನಿಂತಿದೆ.

ಚಿಕ್ಕಮಗಳೂರು ಒಂಟಿ ಹೆಸರಿನಿಂದಲೇ ಜಗತ್ತಿಗೆಲ್ಲ ಪರಿಚಿತವಾಗಿದ್ದ ಕಾಲವೊಂದಿತ್ತು. 1971 ಮತ್ತು 1977ರಲ್ಲಿ ಇಲ್ಲಿಂದ ಆರಿಸಿಬಂದವರು ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ. ಬಿ. ಚಂದ್ರೇಗೌಡರು. ತುರ್ತುಪರಿಸ್ಥಿತಿಯ ಬೆನ್ನಿಗೇ ಬಂದ 1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ತಮ್ಮ ರಾಯ್‌ಬರೇಲಿಯಲ್ಲೇ ಸೋತರು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನಗಳನ್ನು ಅವರ ಪಕ್ಷಕ್ಕೆ ಕೊಟ್ಟಿತು. ಅವರು ಮತ್ತೆ ಲೋಕಸಭೆಗೆ ಬರಲು ಸುರಕ್ಷಿತವಾದ ಸ್ಥಾನವೊಂದು ಬೇಕಾದಾಗ ಚಂದ್ರೇಗೌಡರು ರಾಜೀನಾಮೆ ಕೊಟ್ಟು ದಾರಿ ಬಿಟ್ಟರು.

1978ರ ನವೆಂಬರಿನ ಆ ಉಪಚುನಾವಣೆಯಲ್ಲಿ ಎದುರಾಳಿಯಾಗಿ ನಿಂತವರು ಜನತಾ ಪಕ್ಷದ ವೀರೇಂದ್ರ ಪಾಟೀಲರು, ಮಾಜಿ ಮುಖ್ಯಮಂತ್ರಿಗಳು. ಅವರ ಪರವಾಗಿ ಪ್ರಚಾರದ ಹೊಣೆ ಹೊತ್ತವರು ಜಾರ್ಜ್ ಫರ್ನಾಂಡಿಸ್. ಇಂದಿರೆಯವರ ಬೆನ್ನಿಗಿದ್ದವರು ಮುಖ್ಯಮಂತ್ರಿ ದೇವರಾಜ ಅರಸರು. ಮತ ಎಣಿಸಿದಾಗ ಅಂತರ 77 ಸಾವಿರವನ್ನು ಮೀರಿತ್ತು.

ಆದರೆ ಮತದಾರರು ಕೊಟ್ಟುದನ್ನು ಲೋಕಸಭೆ ಉಳಿಯಗೊಡಲಿಲ್ಲ. ಮಾರುತಿ ಕಂಪನಿಯ ವಿಷಯದಲ್ಲಿ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿಯ ಆರೋಪದ ಮೇಲೆ ಡಿಸೆಂಬರ್ 19ರಂದು ಸದನವು ಅವರನ್ನು ಉಚ್ಚಾಟಿಸಿ ತಿಹಾರ್ ಸೆರೆಮನೆಗೆ ಕಳುಹಿಸಿತು. ಮತದಾನವಾಗಿ ಎರಡು ತಿಂಗಳೂ ತುಂಬಿರಲಿಲ್ಲ! ತಪ್ಪು ಯಾರದೆಂಬುದು ಬೇರೆ ಮಾತು. ತೋಟದ ಆಳು ಸರದಿಯಲ್ಲಿ ನಿಂತು ಒತ್ತಿದ ಮುದ್ರೆಗೆ ಬೆಲೆಯೇನಾಯಿತೆಂದು ದಿಲ್ಲಿಯಲ್ಲಿ ಎಷ್ಟು ಮಂದಿ ಯೋಚಿಸಿದರೋ! 1980ರಲ್ಲಿ ಇಂದಿರೆಯವರು ರಾಯ್‌ಬರೇಲಿ, ಮೇಡಕ್ ಎರಡರಲ್ಲೂ ಗೆದ್ದು ಮೇಡಕ್ಕನ್ನು ಉಳಿಸಿಕೊಂಡರು, ಚಿಕ್ಕಮಗಳೂರಿನತ್ತ ಮರಳಲಿಲ್ಲ. ವೀರೇಂದ್ರ ಪಾಟೀಲರೋ, ಅದೇ ಇಂದಿರೆಯವರ ಸಂಪುಟದಲ್ಲಿ ಮಂತ್ರಿಗಳಾದರು. ಉಚ್ಚಾಟನೆಯ ನಿರ್ಣಯವನ್ನು 1981ರ ಮೇ ತಿಂಗಳಲ್ಲಿ ಹೊಸ ಲೋಕಸಭೆ ರದ್ದುಗೊಳಿಸಿತು.

ಆಮೇಲೆ ಡಿ. ಎಂ. ಪುಟ್ಟೇಗೌಡ, ಡಿ. ಕೆ. ತಾರಾದೇವಿ, ಬಿ. ಎಲ್. ಶಂಕರ್ ಸರದಿಯಂತೆ ಬಂದರು. 1998ರಿಂದ ಮೂರು ಬಾರಿ ಭಾರತೀಯ ಜನತಾ ಪಕ್ಷದ ಡಿ. ಸಿ. ಶ್ರೀಕಂಠಪ್ಪನವರು ಗೆದ್ದರು.

ಕುದುರೆಮುಖದ ಕಬ್ಬಿಣದ ಅದಿರು ಕೆಸರಾಗಿ ಕೊಳವೆಯಲ್ಲಿ ಮಂಗಳೂರಿಗೆ ಹರಿಯುತ್ತಿದ್ದುದು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಕೆಲವೇ ವರ್ಷಗಳಲ್ಲಿ ಮತಗಳು ಘಟ್ಟ ಇಳಿಯತೊಡಗಿದವು. 2009ರಲ್ಲಿ ಡಿ. ವಿ. ಸದಾನಂದ ಗೌಡರು ಗೆದ್ದರು. 2011ರಲ್ಲಿ ಮುಖ್ಯಮಂತ್ರಿಗಳಾಗಿ ಅವರೂ ಸ್ಥಾನ ತೆರವು ಮಾಡಿದರು. 2012ರ ಉಪಚುನಾವಣೆ ಕೆ. ಜಯಪ್ರಕಾಶ ಹೆಗ್ಡೆಯವರ ಪಾಲಾಯಿತು. 2014, 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ. ಈ ನಾಲ್ವರೂ ಘಟ್ಟದ ಕೆಳಗಿನವರು. ಇದರಲ್ಲಿ ಅವರ ದೋಷವೇನೂ ಇಲ್ಲ. ಇಂದಿರೆಯವರಂತೂ ಇನ್ನೂ ದೂರದವರು. ಆದರೆ ಲೋಕಸಭಾ ಸದಸ್ಯರನ್ನು ಅವರ ಊರಿನಲ್ಲಿ ಕಾಣಬೇಕಾದರೆ ಕಳಸದ ಮತದಾರನು ಇಂದು ಬಸ್ಸು ಹತ್ತಿ ಘಟ್ಟವಿಳಿದು ಕಡಲ ತಡಿಯವರೆಗೆ ಹೋಗಬೇಕು. ದಾರದಹಳ್ಳಿ ಅವನದೇ ಸೀಮೆಯಲ್ಲಿತ್ತು.