ಎಣಿಸಿ ಪಡೆದ ಪವನು ಉಡುಗೊರೆಯಲ್ಲ



ನಮ್ಮ ಬಳ್ಳಾರಿ ಸೀಮೆಯ ಲಿಂಗಾಯತ ಮನೆಗಳಲ್ಲಿ ಮದುವೆಯ ಮಾತುಕತೆಗೆ ಕೂತಾಗ ‘ವರದಕ್ಷಿಣೆ’ ಎಂಬ ಶಬ್ದವನ್ನು ಈಗ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವೇನು ಹಾಕುತ್ತೀರೋ ಹಾಕಿರಿ’ ಎನ್ನುತ್ತಾರೆ. ಅದರ ಬೆನ್ನಿಗೇ ‘ಎಷ್ಟು ತೊಲ?’ ಎಂಬ ಪ್ರಶ್ನೆ ಬರುತ್ತದೆ. ಅನುಕೂಲಸ್ಥರದು ಇನ್ನೊಂದು ಬಗೆ. ಬ್ರಿಟಿಷರ ಕಾಲದ ಚಿನ್ನದ ಪವನುಗಳನ್ನು ರಾಣಿಯದು, ರಾಜನದು ಎಂದು ಹುಡುಕಿ ಕೂಡಿಟ್ಟು, ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಅಳಿಯನಿಗೆ ಕೊಡುವುದು. ಕೇಳಿದರೆ ಇದು ಪರಂಪರೆಯಂತೆ, ಹವ್ಯಾಸವಂತೆ. ನಾನು ಇದನ್ನು ವರದಕ್ಷಿಣೆ ಎಂದೇ ಕರೆಯುತ್ತೇನೆ.

ಸರ್ಕಾರಿ ಎಂಜಿನಿಯರ್ ಆಗಿ ಅಳತೆ ಪುಸ್ತಕ ಬರೆದೇ ನಿವೃತ್ತನಾದವನು ನಾನು. ಮೊದಲು ವಸ್ತುವನ್ನೇ ಅಳೆಯೋಣ. ಒಂದು ಪವನಿನ ತೂಕ 7.98 ಗ್ರಾಂ. 22 ಕ್ಯಾರೆಟ್ಟಿನ ಅದರಲ್ಲಿ ಅಪ್ಪಟ ಚಿನ್ನ 7.32 ಗ್ರಾಂ. ಈಗಿನ ರೂಪದ ಪವನು ಲಂಡನ್ನಿನಲ್ಲಿ 1817ರಲ್ಲಿ ಹೊರಬಂತು. 1918ರಲ್ಲಿ ಮುಂಬಯಿ ಟಂಕಸಾಲೆಯಲ್ಲೂ ಅಚ್ಚಾಯಿತು. ಹಳೆಯ ನಾಣ್ಯವೆಂದು ಚಿನ್ನದ ದರಕ್ಕಿಂತ ಹೆಚ್ಚು ತೆತ್ತು ಕೊಳ್ಳುತ್ತೇವೆ. ಕಷ್ಟ ಬಂದು ಮಾರಲು ಹೋದರೆ ಚಿನ್ನದಂಗಡಿಯವರು ಕಟ್ಟುವುದು ತೂಕದ ಬೆಲೆ ಮಾತ್ರ. ಸರಕ್ಕೆ ಪೋಣಿಸಲು ಕೊಂಡಿ ಬೆಸೆಸಿದರಂತೂ ನಾಣ್ಯ ಸಂಗ್ರಹಿಸುವವರೂ ಅದನ್ನು ಮೂಸುವುದಿಲ್ಲ.

ಇನ್ನು ಪರಂಪರೆ. ಯಾರ ಪರಂಪರೆ? 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರಿದರು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದರು. 1876-78ರ ಆ ಬರದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅದೇ ರಾಣಿಯ ಮುಖವನ್ನು ಇಷ್ಟಲಿಂಗದ ಪಕ್ಕದಲ್ಲಿ ತೂಗುಹಾಕಿಕೊಂಡು ಪರಂಪರೆ ಎನ್ನಬೇಕೆ? ನಮ್ಮ ಪರಂಪರೆ ಬೇರೆ. ಬಿಜ್ಜಳನ ಭಂಡಾರವೇ ಕೈಯಲ್ಲಿದ್ದರೂ ಬಸವಣ್ಣನವರು ಹೇಳಿದ್ದು ಕಾಯಕ, ದಾಸೋಹ. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ‘ಹಿಂದಕ್ಕೆ ಸುರಿದು ಬನ್ನಿ’ ಎಂದವರು ಆಯ್ದಕ್ಕಿ ಲಕ್ಕಮ್ಮ. ಭತ್ತದ ಸೀಮೆಯಾದ ಸಿರುಗುಪ್ಪದವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳ್ಳವನು ಕೊಟ್ಟರೆ ನಿಮಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟವಿದೆ. ಉಳ್ಳವನು ಹಮ್ಮಿಗೆ ಮಾಡಿದ್ದು ಮರುವರ್ಷ ಇಲ್ಲದವನಿಗೆ ಕಟ್ಟಳೆಯಾಗುತ್ತದೆ. ಬಳ್ಳಾರಿಯ ಕಲ್ಯಾಣ ಮಂಟಪದಲ್ಲಿ ಹತ್ತು ಪವನು ಕಂಡ ಬೀಗರು ಕುರುಗೋಡಿನ ರೈತನ ಮನೆಯಲ್ಲಿ ಐದನ್ನಾದರೂ ಕೇಳುತ್ತಾರೆ. ಆ ಐದಕ್ಕಾಗಿ ಅವನು ತುಂಗಭದ್ರೆಯ ಕಾಲುವೆ ನೀರು ಹರಿಯುವ ಎಕರೆಯನ್ನು ಮಾರುತ್ತಾನೆ. ಕಾಲುವೆ ತಂದ ಅನ್ನ ತಟ್ಟೆಯಲ್ಲಿನ ನಾಣ್ಯಕ್ಕೆ ಹೋಯಿತು.

‘ಕಷ್ಟಕಾಲಕ್ಕೆ ಬಂಗಾರವೇ ದಿಕ್ಕು’ ಎಂಬ ಮಾತು ಸುಳ್ಳಲ್ಲ. ಹಾಗಾದರೆ ಆ ಬಂಗಾರ ಮಗಳ ಕೈಯಲ್ಲಿರಲಿ, ಬೀಗರ ತಿಜೋರಿಯಲ್ಲಲ್ಲ. ಕಾನೂನು ಹೇಳುವುದೂ ಅದನ್ನೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಕೇಳದೆ ಕೊಟ್ಟ ಉಡುಗೊರೆಗಳನ್ನು ಪಟ್ಟಿ ಮಾಡಿ ಸಹಿ ಹಾಕಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಎಷ್ಟು ಮದುವೆಗಳಲ್ಲಿ ಆ ಪಟ್ಟಿಯನ್ನು ಕಂಡಿದ್ದೀರಿ?

ಆದ್ದರಿಂದ ಮಠಗಳ ಪೂಜ್ಯರಲ್ಲಿ ನನ್ನದೊಂದು ವಿನಂತಿ. ಲಗ್ನಪತ್ರಿಕೆ ಹಿಡಿದು ಆಶೀರ್ವಾದಕ್ಕೆ ಬಂದವರನ್ನು ‘ಕೊಡುವುದೆಷ್ಟು, ಅದು ಯಾರ ಹೆಸರಿಗೆ, ಪಟ್ಟಿ ಎಲ್ಲಿ?’ ಎಂದು ಕೇಳಿರಿ. ಪವನಿನ ತಟ್ಟೆ ವೇದಿಕೆ ಹತ್ತಿದ ಮದುವೆಗೆ ನೀವು ಹತ್ತಬೇಡಿರಿ. ಉಳ್ಳವರಿಗೆ ಮನೆಯ ಮದುವೆಯನ್ನು ಮಠದ ಸಾಮೂಹಿಕ ವಿವಾಹದಲ್ಲೇ, ಬಡವರ ಮಕ್ಕಳ ಜೊತೆಯಲ್ಲೇ, ವಚನ ಮಾಂಗಲ್ಯದಿಂದ ನಡೆಸಲು ಹೇಳಿರಿ. ಯುವಕರಿಗೂ ಒಂದು ಮಾತು: ಕಾಯಕದಿಂದ ಬಾಳುವೆನೆಂದು ದೀಕ್ಷೆ ಪಡೆದವನು ಹೆಣ್ಣಿನ ತಂದೆಯ ಮುಂದೆ ಕೈಯೊಡ್ಡಬಾರದು.