ಹೋಟೆಲ್ ಗೀ ರೋಸ್ಟ್‌ನ ಆ ಕೆಂಪು ಎಲ್ಲಿಂದ ಬರುತ್ತದೆ? ಮನೆಯಲ್ಲಿ ಮಾಡುವ ಮುನ್ನ ಇದನ್ನು ಓದಿ

ಕರಾವಳಿಯ ಮೀನಿನ ಹೋಟೆಲ್‌ನಲ್ಲಿ ಸಿಗಡಿ ಗೀ ರೋಸ್ಟ್ ತಿಂದು ಬಂದವರು ಅದನ್ನೇ ಮನೆಯಲ್ಲಿ ಮಾಡಲು ಹೊರಡುವುದು ಸಾಮಾನ್ಯ. ಬೆರಳಿಗೆ ಅಂಟುವ ದಪ್ಪ ಮಸಾಲೆ, ಗಾಢ ಕೆಂಪು ಬಣ್ಣ, ತುಪ್ಪದ ಘಮ, ಹದವಾದ ಹುಳಿ ಮತ್ತು ಖಾರ ಎಲ್ಲವೂ ನೆನಪಿರುತ್ತದೆ. ಆದರೆ ಮನೆಯ ಬಾಣಲೆಯಲ್ಲಿ ಬಣ್ಣ ಮಂಕಾಗುತ್ತದೆ, ಮಸಾಲೆ ಕಹಿಯಾಗುತ್ತದೆ. ನಮ್ಮ ಮೊದಲ ಪ್ರಯತ್ನವೂ ಹೀಗೇ ಆಗಿತ್ತು.

ಆಗ ನೆರವಿಗೆ ಬರುವುದು ಮೊಬೈಲ್. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತು ರೀಲ್ಸ್‌ಗಳಲ್ಲಿ ಇದರ ಬಗ್ಗೆ ಮುಖ್ಯವಾಗಿ ಮೂರು ಬಗೆಯ ಮಾತುಗಳು ಹರಿದಾಡುತ್ತವೆ.

1. ಹೋಟೆಲ್ ರುಚಿಯ ಗುಟ್ಟು ಅಜಿನೊಮೊಟೊ, ಅದು ನಿಧಾನ ವಿಷ.
2. ಸಿಗಡಿ ಅಥವಾ ಮೀನಿನ ಜೊತೆ ಮೊಸರು ಸೇರಿದರೆ ತೊನ್ನು ಬರುತ್ತದೆ.
3. ಚಿಟಿಕೆ ಕೆಂಪು ಬಣ್ಣ ಹಾಕಿದರೆ ಥೇಟ್ ಹೋಟೆಲ್ ಲುಕ್ ಬರುತ್ತದೆ.

ಮೊದಲ ಎರಡು ಎಚ್ಚರಿಕೆಯ ರೂಪದಲ್ಲಿ ಬರುತ್ತವೆ. ಮೂರನೆಯದು ಅಡುಗೆಮನೆಯ ಟಿಪ್ಸ್ ಆಗಿ ಬರುತ್ತದೆ, ಅದನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ಈ ಮೂರರಲ್ಲಿ ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಆ ಮೂರನೆಯದರ ಬಗ್ಗೆಯೇ. ಒಂದೊಂದಾಗಿ ನೋಡೋಣ.

ಗೀ ರೋಸ್ಟ್ ಮಸಾಲೆಯಲ್ಲಿ ಏನಿರುತ್ತದೆ?

ಗೀ ರೋಸ್ಟ್ ಹುಟ್ಟಿದ್ದು ಉಡುಪಿ ಜಿಲ್ಲೆಯ ಕುಂದಾಪುರದಲ್ಲಿ. ಅಲ್ಲಿನ ಶೆಟ್ಟಿ ಲಂಚ್ ಹೋಮ್‌ನ ಚಿಕನ್ ಗೀ ರೋಸ್ಟ್‌ನಿಂದ ಇದು ಹೆಸರುವಾಸಿಯಾಯಿತು. ಈಗ ಮಂಗಳೂರು, ಬೆಂಗಳೂರಿನ ಮೀನಿನ ಹೋಟೆಲ್‌ಗಳಲ್ಲಿ ಸಿಗಡಿ, ಏಡಿ, ಅಂಜಲ್ ಮೀನಿಗೂ ಇದೇ ಮಸಾಲೆ ಬಳಸುತ್ತಾರೆ.

ಬೇಕಾಗುವ ಸಾಮಗ್ರಿಗಳಲ್ಲಿ ವಿಶೇಷವೇನೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಮೆಂತ್ಯ, ಬೆಳ್ಳುಳ್ಳಿ, ಹುಣಸೆಹಣ್ಣು, ಮೊಸರು, ಸ್ವಲ್ಪ ಬೆಲ್ಲ, ಕರಿಬೇವು ಮತ್ತು ಧಾರಾಳ ತುಪ್ಪ. ಇವೆಲ್ಲ ಬಹುತೇಕ ನಮ್ಮ ಮನೆಗಳಲ್ಲೇ ಇರುತ್ತವೆ. ವ್ಯತ್ಯಾಸವಾಗುವುದು ಇವನ್ನು ಬಳಸುವ ಕ್ರಮದಲ್ಲಿ.

ಬಣ್ಣ ಬರುವುದು ಮೆಣಸಿನಕಾಯಿಯಿಂದ, ಬಿಡಿಸುವುದು ತುಪ್ಪ

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತಿರುವ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಇದರಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಇದರಿಂದ ತೆಗೆದ ಬಣ್ಣದ ಸಾರವನ್ನು ಲಿಪ್‌ಸ್ಟಿಕ್, ನೇಲ್ ಪಾಲಿಶ್ ತಯಾರಿಕೆಯಲ್ಲೂ ಬಳಸುತ್ತಾರೆ. ಹಾಗಾಗಿ ಹತ್ತು ಹನ್ನೆರಡು ಮೆಣಸಿನಕಾಯಿ ರುಬ್ಬಿ ಹಾಕಿದರೂ ಖಾರ ಬಾಯಿ ಸುಡುವಷ್ಟು ಆಗುವುದಿಲ್ಲ. ಖಾರದ ಮೆಣಸಿನಕಾಯಿಯನ್ನು ಅಷ್ಟು ಹಾಕಿದರೆ ತಿನ್ನಲಾಗದು, ಕಡಿಮೆ ಹಾಕಿದರೆ ಬಣ್ಣ ಬರದು.

ಮೆಣಸಿನಕಾಯಿಗೆ ಕೆಂಪು ಕೊಡುವ ಮುಖ್ಯ ವಸ್ತು ಕ್ಯಾಪ್ಸಾಂಥಿನ್. ಕ್ಯಾರೆಟ್‌ನ ಬಣ್ಣದ ಹಾಗೆ ಇದೂ ಕ್ಯಾರೋಟಿನಾಯ್ಡ್ ಗುಂಪಿಗೆ ಸೇರಿದ್ದು. ಇದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ರುಬ್ಬಿದ ಮಸಾಲೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿದಾಗ ಮೊದಲು ನೀರಿನಂಶ ಆವಿಯಾಗುತ್ತದೆ, ನಂತರ ಬಣ್ಣ ತುಪ್ಪಕ್ಕೆ ಇಳಿಯುತ್ತದೆ. ಮಸಾಲೆಯ ಅಂಚಿನಲ್ಲಿ ಕೆಂಪು ತುಪ್ಪ ಬೇರೆಯಾಗಿ ಕಾಣುವುದು ಆಗಲೇ. ಮನೆಯಲ್ಲಿ ನಾವು ಆತುರಪಟ್ಟು ನೀರು ಸುರಿದು ಕುದಿಸಿಬಿಡುತ್ತೇವೆ, ಬಣ್ಣ ಮೆಣಸಿನ ಸಿಪ್ಪೆಯಲ್ಲೇ ಉಳಿಯುತ್ತದೆ.

ಇನ್ನೊಂದು ಕಾರಣ ಹಳೆಯ ಮೆಣಸಿನ ಪುಡಿ. ಬೆಳಕು ಮತ್ತು ಗಾಳಿಗೆ ಈ ಬಣ್ಣ ನಿಧಾನವಾಗಿ ಕೆಡುತ್ತದೆ. ಒಲೆಯ ಪಕ್ಕದ ಗಾಜಿನ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇದ್ದ ಪುಡಿಯಿಂದ ಹೋಟೆಲ್ ಬಣ್ಣ ನಿರೀಕ್ಷಿಸುವಂತಿಲ್ಲ.

ಚಿಟಿಕೆ ಬಣ್ಣ ಹಾಕಿದರೆ ಏನು ತಪ್ಪು?

ಮಸಾಲೆ ಮಂಕಾದಾಗ ಹಲವರು ಹಿಡಿಯುವ ಅಡ್ಡದಾರಿ ಇದು. ಅಂಗಡಿಯಲ್ಲಿ ಸಣ್ಣ ಪೊಟ್ಟಣದಲ್ಲಿ ಸಿಗುವ ಬಣ್ಣದ ಪುಡಿ, ಅಗ್ಗ, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ.

2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸಸ್ಯಾಹಾರಿ, ಚಿಕನ್ ಮತ್ತು ಮೀನಿನ ಕಬಾಬ್‌ಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅದಕ್ಕೂ ಮೊದಲು ರಾಜ್ಯದಾದ್ಯಂತ ಸಂಗ್ರಹಿಸಿದ 39 ಕಬಾಬ್ ಮಾದರಿಗಳ ಪೈಕಿ 8 ಅಸುರಕ್ಷಿತ ಎಂದು ಪ್ರಯೋಗಾಲಯದ ವರದಿ ಬಂದಿತ್ತು. ಅವುಗಳಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎಂಬ ಬಣ್ಣಗಳು ಪತ್ತೆಯಾಗಿದ್ದವು. ಅದೇ ವರ್ಷದ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣಕ್ಕೆ ನಿಷೇಧ ಬಿದ್ದಿತ್ತು. ಆಗ ಸುದ್ದಿಯಾದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಅದನ್ನು ಯಾವ ಆಹಾರದಲ್ಲೂ ಬಳಸುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೃತಕ ಬಣ್ಣಗಳೆಲ್ಲ ಒಂದೇ ಅಲ್ಲ. ಕೆಲವನ್ನು ಕೆಲವು ನಿರ್ದಿಷ್ಟ ತಿನಿಸುಗಳಲ್ಲಿ ಮಿತಿಯೊಳಗೆ ಬಳಸಲು ಕಾನೂನು ಅವಕಾಶ ಕೊಟ್ಟಿದೆ. ಆದರೆ ಮನೆಯಲ್ಲಿ 'ಚಿಟಿಕೆ' ಎಂದರೆ ಎಷ್ಟು ಮಿಲಿಗ್ರಾಂ? ಲೇಬಲ್ ಇಲ್ಲದ ಪೊಟ್ಟಣದಲ್ಲಿ ಇರುವುದು ಯಾವ ಬಣ್ಣ? ಎರಡಕ್ಕೂ ಉತ್ತರ ಸಿಗುವುದಿಲ್ಲ. ಆ ಮಸಾಲೆಯನ್ನು ತಿನ್ನುವವರಲ್ಲಿ ಮನೆಯ ಮಕ್ಕಳೂ ಇರುತ್ತಾರೆ. ಹೋಟೆಲ್‌ನವರು ಬಣ್ಣ ಹಾಕಿದರೆ ದಂಡ, ಜೈಲು ಶಿಕ್ಷೆಯ ಭಯವಿದೆ. ನಮ್ಮ ಅಡುಗೆಮನೆಗೆ ಯಾವ ಇನ್ಸ್‌ಪೆಕ್ಟರ್ ಕೂಡ ಬರುವುದಿಲ್ಲ.

ಖರೀದಿಸಿದ ಮೆಣಸಿನ ಪುಡಿಯ ಮೇಲೆ ಅನುಮಾನವಿದ್ದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೇಳಿಕೊಟ್ಟಿರುವ ಸುಲಭ ಪರೀಕ್ಷೆಯೊಂದಿದೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಮೇಲೆ ಸ್ವಲ್ಪ ಪುಡಿ ಉದುರಿಸಿ, ಕಲಕಬೇಡಿ. ಬಣ್ಣದ ಗೆರೆಗಳು ಕೆಳಕ್ಕೆ ಇಳಿಯತೊಡಗಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿದೆ ಎಂದರ್ಥ. ಮೆಣಸಿನಕಾಯಿಯ ಸಹಜ ಬಣ್ಣ ನೀರಿನಲ್ಲಿ ಕರಗದು ಎಂಬುದೇ ಈ ಪರೀಕ್ಷೆಯ ಆಧಾರ. ಆದರೆ ಎಣ್ಣೆಯಲ್ಲಿ ಕರಗುವ ಸುಡಾನ್‌ನಂಥ ಬಣ್ಣಗಳು ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಇಡೀ ಮೆಣಸಿನಕಾಯಿ ತಂದು ರುಬ್ಬುವುದೇ ಒಳ್ಳೆಯದು.

ಅಜಿನೊಮೊಟೊ ವಿಷವೇ?

ಅಜಿನೊಮೊಟೊ ಎಂಬುದು ಕಂಪನಿಯ ಹೆಸರು, ವಸ್ತುವಿನ ಹೆಸರು ಮೊನೊಸೋಡಿಯಂ ಗ್ಲುಟಮೇಟ್. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೇ ಇಕೆಡಾ ಕಡಲಪಾಚಿಯ ಸಾರಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಕೊಂಡರು. ಇದೇ ಗ್ಲುಟಮೇಟ್ ಟೊಮೆಟೊದಲ್ಲಿದೆ, ಸಿಗಡಿಯಲ್ಲಿದೆ, ತಾಯಿಯ ಎದೆಹಾಲಿನಲ್ಲೂ ಇದೆ.

ಇದರ ಬಗ್ಗೆ ಭಯ ಹುಟ್ಟಿದ್ದು 1968ರಲ್ಲಿ. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ವೈದ್ಯರೊಬ್ಬರು ಬರೆದ ಪತ್ರದಲ್ಲಿ ಚೀನೀ ಹೋಟೆಲ್ ಊಟದ ನಂತರ ಕತ್ತಿನ ಹಿಂಭಾಗ ಜೋಮು ಹಿಡಿಯುತ್ತದೆ ಎಂದಿತ್ತು. ಕಾರಣ ಏನಿರಬಹುದು ಎಂದು ಅವರು ಊಹಿಸಿದ್ದರಷ್ಟೇ. ನಂತರದ ಅಧ್ಯಯನಗಳನ್ನು ಪರಿಶೀಲಿಸಿದ ತಜ್ಞರು, ಆಹಾರವಿಲ್ಲದೆ ಒಮ್ಮೆಗೇ 3 ಗ್ರಾಂ ಅಥವಾ ಹೆಚ್ಚು ಸೇವಿಸಿದಾಗ ಕೆಲವರಿಗೆ ತಲೆನೋವು, ಜೋಮಿನಂಥ ತಾತ್ಕಾಲಿಕ ತೊಂದರೆ ಆಗಬಹುದು ಎಂದಿದ್ದಾರೆ. ಒಂದು ಬಾರಿಯ ಊಟದಲ್ಲಿ ಸೇರಿಸುವ ಪ್ರಮಾಣ ಸಾಮಾನ್ಯವಾಗಿ ಅರ್ಧ ಗ್ರಾಂಗಿಂತ ಕಡಿಮೆ.

ಹಾಗಾಗಿ 'ನಿಧಾನ ವಿಷ' ಎಂಬುದಕ್ಕೆ ಆಧಾರವಿಲ್ಲ. ಅಷ್ಟಕ್ಕೂ ಗೀ ರೋಸ್ಟ್‌ಗೆ ಅದರ ಅಗತ್ಯವೇ ಇಲ್ಲ. ಸಿಗಡಿ ಬೇಯುವಾಗ ಬಿಡುವ ರಸದಲ್ಲೇ ಆ ರುಚಿ ಇದೆ. ಆ ರಸವನ್ನು ಚೆಲ್ಲದೆ ಮಸಾಲೆಗೆ ಸೇರಿಸಿದರೆ ಸಾಕು.

ಮೊಸರು, ಸಿಗಡಿ ಮತ್ತು ತೊನ್ನು

ಗೀ ರೋಸ್ಟ್‌ಗೆ ಸಿಗಡಿಯನ್ನು ಮೊಸರಿನಲ್ಲಿ ನೆನೆಸುತ್ತಾರೆ ಎಂದ ತಕ್ಷಣ ಅನೇಕ ಮನೆಗಳಲ್ಲಿ ಹಿರಿಯರು ಬೇಡ ಎನ್ನುತ್ತಾರೆ. ಹಾಲು ಮತ್ತು ಮೀನನ್ನು ವಿರುದ್ಧ ಆಹಾರವೆಂದು ಆಯುರ್ವೇದ ಗ್ರಂಥಗಳು ಹೇಳುತ್ತವೆ, ಆ ಕಾರಣಕ್ಕೆ ಬೆರೆಸದಿರುವುದು ಅವರವರ ಆಯ್ಕೆ. ಆದರೆ ಫಾರ್ವರ್ಡ್‌ಗಳು ಹೇಳುವುದು ತೊನ್ನಿನ ಬಗ್ಗೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳು ನಾಶವಾದಾಗ ತೊನ್ನು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಕೋಶಗಳ ಮೇಲೆ ದಾಳಿ ಮಾಡುತ್ತದೆ, ವಂಶವಾಹಿಗಳ ಪಾತ್ರವೂ ಇದೆ. ಮೀನು ಮತ್ತು ಮೊಸರು ಒಟ್ಟಿಗೆ ತಿನ್ನುವುದರಿಂದ ತೊನ್ನು ಬರುತ್ತದೆ ಎನ್ನಲು ವೈಜ್ಞಾನಿಕ ಪುರಾವೆ ಇಲ್ಲ. ಬಂಗಾಳದಲ್ಲಿ ಮೊಸರು ಹಾಕಿದ ಮೀನಿನ ಸಾರು, ದೋಯಿ ಮಾಛ್, ಮದುವೆ ಊಟದಲ್ಲೂ ಇರುತ್ತದೆ.

ಈ ನಂಬಿಕೆಯಿಂದ ಆಗುವ ಹಾನಿ ಅಡುಗೆಗೆ ಮಾತ್ರ ಸೀಮಿತವಲ್ಲ. ತೊನ್ನು ಇರುವವರನ್ನು, ಅವರ ತಾಯಂದಿರನ್ನು 'ಏನೋ ತಿನ್ನಬಾರದ್ದು ತಿಂದಿರಬೇಕು' ಎಂದು ದೂರುವುದಕ್ಕೆ ಇದೇ ಮಾತು ಬಳಕೆಯಾಗುತ್ತದೆ. ತೊನ್ನು ಅಂಟುವ ಕಾಯಿಲೆಯಲ್ಲ, ಯಾರ ತಪ್ಪಿನಿಂದಲೂ ಬಂದದ್ದಲ್ಲ.

ಹಾಗಾದರೆ ಮನೆಯಲ್ಲಿ ಮಾಡುವುದು ಹೇಗೆ?

ಅರ್ಧ ಕಿಲೋ ಸಿಗಡಿಗೆ ನಮಗೆ ಹೊಂದಿಕೆಯಾದ ಅಳತೆ ಮತ್ತು ಕ್ರಮ ಹೀಗಿದೆ.

• ಸ್ವಚ್ಛಗೊಳಿಸಿದ ಸಿಗಡಿಗೆ 3 ಚಮಚ ಮೊಸರು, ಉಪ್ಪು, ಚಿಟಿಕೆ ಅರಿಶಿನ ಹಚ್ಚಿ ಫ್ರಿಜ್‌ನಲ್ಲಿ 20 ನಿಮಿಷ ಇಡಿ.
• 10ರಿಂದ 12 ಬ್ಯಾಡಗಿ ಮೆಣಸಿನಕಾಯಿ, 1 ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, 1 ಚಮಚ ಕಾಳುಮೆಣಸು, ಕಾಲು ಚಮಚ ಮೆಂತ್ಯವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಒಟ್ಟಿಗೆ ಹುರಿದರೆ ಕೊತ್ತಂಬರಿ ಹದವಾಗುವಷ್ಟರಲ್ಲಿ ಮೆಂತ್ಯ ಕರಕಲಾಗಿ ಕಹಿ ಬಿಡುತ್ತದೆ.
• ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ. ಉಳಿದವುಗಳ ಜೊತೆ 7-8 ಎಸಳು ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಸೇರಿಸಿ, ನೀರು ಆದಷ್ಟು ಕಡಿಮೆ ಹಾಕಿ ನುಣ್ಣಗೆ ರುಬ್ಬಿ.
• 2 ದೊಡ್ಡ ಚಮಚ ತುಪ್ಪದಲ್ಲಿ ಸಿಗಡಿಯನ್ನು ಎರಡು ನಿಮಿಷ ಬಾಡಿಸಿ ತೆಗೆದಿಡಿ. ರಸ ಬಾಣಲೆಯಲ್ಲೇ ಇರಲಿ.
• ಇನ್ನೆರಡು ಚಮಚ ತುಪ್ಪ ಹಾಕಿ, ರುಬ್ಬಿದ ಮಸಾಲೆಯನ್ನು ತುಪ್ಪ ಬೇರ್ಪಡುವವರೆಗೆ, ಸುಮಾರು 10-12 ನಿಮಿಷ, ಸಣ್ಣ ಉರಿಯಲ್ಲಿ ಕೈಯಾಡಿಸಿ. ಇಲ್ಲಿ ಆತುರ ಬೇಡ.
• ಚೂರು ಬೆಲ್ಲ, ಕರಿಬೇವು, ಸಿಗಡಿ ಸೇರಿಸಿ ಇನ್ನೆರಡು ನಿಮಿಷ ಬೇಯಿಸಿ. ಒಳಗಿನ ಮಾಂಸ ಪೂರ್ತಿ ಬೆಳ್ಳಗಾದರೆ ಬೆಂದಿದೆ ಎಂದು ತಿಳಿಯಿರಿ. ಹೆಚ್ಚು ಬೇಯಿಸಿದರೆ ರಬ್ಬರಿನಂತಾಗುತ್ತದೆ.

ನಿಜವಾಗಿ ಯಾರು ಎಚ್ಚರ ವಹಿಸಬೇಕು?

ಸಿಗಡಿ, ಏಡಿಯ ಅಲರ್ಜಿ ಇರುವವರು. ಈ ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಬೇಯಿಸಿದರೂ ನಾಶವಾಗುವುದಿಲ್ಲ. ಸಿಗಡಿ ತಿಂದ ಮೇಲೆ ತುಟಿ ಊದುವುದು, ಮೈಮೇಲೆ ದದ್ದು, ಉಸಿರಾಟದ ತೊಂದರೆ ಕಂಡರೆ ಮೊಸರಿನ ಮೇಲೆ ದೂರು ಹಾಕುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.

ತುಪ್ಪದ ಬಹುಪಾಲು ಪರ್ಯಾಪ್ತ ಕೊಬ್ಬು. ಹೋಟೆಲ್ ಮಸಾಲೆಯಲ್ಲಿ ಉಪ್ಪೂ ಧಾರಾಳವಾಗಿರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಬಿಪಿ, ಹೃದಯದ ಸಮಸ್ಯೆ ಇರುವವರಿಗೆ ಇದು ದಿನನಿತ್ಯದ ಪದಾರ್ಥವಲ್ಲ, ಅಪರೂಪಕ್ಕೊಮ್ಮೆ ಸಾಕು.

ಫಾರ್ವರ್ಡ್ ಮಾಡುವ ಮುನ್ನ

ಎರಡನೇ ಸಲ ನಾವು ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಹುರಿದಾಗ ಬಣ್ಣ ತಾನಾಗಿಯೇ ಬಂತು. ಗುಟ್ಟಿನ ಪುಡಿ ಯಾವುದೂ ಬೇಕಾಗಲಿಲ್ಲ. ಹೆದರಿಸುವ ಸಂದೇಶ ಬಂದಾಗ ನಾವು ಒಂದು ಕ್ಷಣವಾದರೂ ಯೋಚಿಸುತ್ತೇವೆ. 'ಸಿಂಪಲ್ ಟಿಪ್ಸ್' ಎಂದು ಬಂದದ್ದನ್ನು ನೇರವಾಗಿ ಬಾಣಲೆಗೆ ಹಾಕುತ್ತೇವೆ. ಚಿಟಿಕೆ ಬಣ್ಣದ ಸಲಹೆ ನಿಮ್ಮ ಗುಂಪಿಗೂ ಬಂದಿದ್ದರೆ ಅದನ್ನು ಮುಂದೆ ಕಳುಹಿಸಬೇಡಿ. ಬದಲಿಗೆ, ಬ್ಯಾಡಗಿ ಮೆಣಸಿನಕಾಯಿಯನ್ನು ತುಪ್ಪದಲ್ಲಿ ಇನ್ನೂ ಐದು ನಿಮಿಷ ಹೆಚ್ಚು ಹುರಿಯಿರಿ ಎಂದು ಬರೆದು ಕಳುಹಿಸಿ.